ರೇಸ್ ಬಿಟ್ಟ ಕುದುರೆಯ ಹಿಂಗಾಲು ನಾನು ನೋಡುವ ಬಗೆ

2016ರಲ್ಲಿ ಒಂದೇ ದಿನ ಬೆಳಿಗ್ಗೆ ಎರಡು ಕುದುರೆ ನೋಡಲು ಹೋಗಿದ್ದೆ. ಒಂದು ಬೇ ಬಣ್ಣದ್ದು (ಕಂದು ಮೈ, ಕಪ್ಪು ಬಾಲ), ಐದು ವರ್ಷ. ಇನ್ನೊಂದು ಕೆಂಚು, ಆರು ವರ್ಷ. ಎರಡೂ ಥರೋಬ್ರೆಡ್, ಅಂದರೆ ರೇಸ್ ತಳಿ; ಎರಡೂ ಗೆಲ್ಡಿಂಗ್, ಅಂದರೆ ಬೀಜ ತೆಗೆದ ಗಂಡು. ಬೆಂಗಳೂರಿನ ರೇಸ್ ಕೋರ್ಸ್‌ನಲ್ಲಿ ಓಡಿ, ಗೆಲುವು ನಿಂತು, ಮಾಲೀಕರು ಬಿಟ್ಟುಕೊಡಲು ತಯಾರಿದ್ದ ಕುದುರೆಗಳು. ನನಗೆ ಶೋ ಜಂಪಿಂಗ್‌ಗೆ, ಅಂದರೆ ಬೇಲಿ ಹಾರುವ ಸ್ಪರ್ಧೆಗೆ, ತಯಾರು ಮಾಡಲು ಒಂದು ಬೇಕಿತ್ತು.

ಮೊದಲು ಬೇ ಕುದುರೆಯನ್ನು ಹೊರಗೆ ತಂದು ನಿಲ್ಲಿಸಿದರು. ಹಿಂಗಾಲು ನೀಟಾಗಿ ನೇರ. ಎಲ್ಲೂ ಊತ ಇಲ್ಲ, ಗಾಯದ ಗುರುತಿಲ್ಲ. ನೋಡಿದ ಕೂಡಲೇ ಮನಸ್ಸು ಒಪ್ಪಿತು. ಆಮೇಲೆ ಕೆಂಚ ಬಂದು ನಿಂತ. ಅವನ ಹಿಂಗಾಲು ಎರಡೂ ಹೊಟ್ಟೆಯ ಕೆಳಗೆ ಮುಂದಕ್ಕೆ ಬಂದಿದ್ದವು. ಪಕ್ಕದಿಂದ ನೋಡಿದರೆ ಕುಡುಗೋಲು ನಿಲ್ಲಿಸಿದ ಹಾಗೆ. ‘ಬೇಡ’ ಅಂದೆ. ಐದು ನಿಮಿಷವೂ ನೋಡಲಿಲ್ಲ.

ಎರಡೂ ತೀರ್ಮಾನ ತಪ್ಪಾಗಿತ್ತು. ಬೇ ಕುದುರೆ ಒಂದೂವರೆ ವರ್ಷದಲ್ಲಿ ಜಂಪಿಂಗ್‌ನಿಂದ ಶಾಶ್ವತವಾಗಿ ಹೊರಗೆ ಬಿದ್ದ. ಕೆಂಚನನ್ನು ನನ್ನ ಪರಿಚಯದ ಸವಾರರೊಬ್ಬರು ತೆಗೆದುಕೊಂಡರು, ಅವನು ವರ್ಷಗಟ್ಟಲೆ ಚೆನ್ನಾಗಿ ಹಾರಿದ. ಆಗ ಎಲ್ಲಿ ತಪ್ಪಿದೆ, ಈಗ ಹೇಗೆ ನೋಡುತ್ತೇನೆ ಅನ್ನುವುದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಸವಾರಿ ಕಲಿಯುವವರ ಕೈಗೆ ಸಿಗುವ ಕುದುರೆಗಳಲ್ಲಿ ಹೆಚ್ಚಿನವು ರೇಸ್ ಬಿಟ್ಟವೇ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫೌವಾದ್ ಮಿರ್ಜಾ ಈವೆಂಟಿಂಗ್ ಅನ್ನುವ ಕುದುರೆ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಮೇಲೆ ‘ನಮಗೂ ಒಂದು ಕುದುರೆ ನೋಡಿಕೊಡಿ’ ಅಂತ ಕೇಳುವವರು ಜಾಸ್ತಿಯಾದರು. ಹಾಗೆ ಕೇಳುವವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ನನ್ನ ಆಸೆ.

ಮೊದಲು ಕಾಲು ಯಾವುದು, ಗಂಟು ಯಾವುದು ಅನ್ನುವುದು ಸರಿಯಾಗಿ ಗೊತ್ತಿರಬೇಕು. ಹೊಸಬರು ಹೆಚ್ಚಾಗಿ ಹಾಕ್ ಅನ್ನುವ ಗಂಟನ್ನು ಮಂಡಿ ಅಂದುಕೊಳ್ಳುತ್ತಾರೆ. ‘ಕುದುರೆಯ ಮಂಡಿ ಹಿಂದಕ್ಕೆ ಮಡಚುತ್ತೆ, ಅಲ್ವಾ?’ ಅಂತ ಕೇಳುತ್ತಾರೆ. ಅದು ಮಂಡಿ ಅಲ್ಲ. ನೀವು ತುದಿಗಾಲಲ್ಲಿ ನಿಂತು ನೋಡಿ. ಹಿಮ್ಮಡಿ ಮೇಲೆದ್ದು ಹಿಂದಕ್ಕೆ ಚಾಚುತ್ತದಲ್ಲ, ಅದೇ ಕುದುರೆಯ ಹಾಕ್. ನಮ್ಮ ಮಂಡಿ ಇರುವ ಜಾಗದಲ್ಲಿ ಕುದುರೆಗಿರುವುದು ಸ್ಟೈಫಲ್. ಅದು ಮೇಲೆ, ಹೊಟ್ಟೆಯ ಅಂಚಿನ ಚರ್ಮದ ಹತ್ತಿರ ಅಡಗಿರುತ್ತದೆ. ಹಾಕ್‌ನಿಂದ ಕೆಳಗೆ ಕ್ಯಾನನ್ ಮೂಳೆ, ಅದರ ಕೆಳಗೆ ಫೆಟ್‌ಲಾಕ್ ಗಂಟು, ಆಮೇಲೆ ಪಾಸ್ಟರ್ನ್, ಕೊನೆಗೆ ಗೊರಸು. ಅಂದರೆ ಕುದುರೆ ಪ್ರತಿ ಕಾಲಿನಲ್ಲೂ ಒಂದೇ ಬೆರಳಿನ ತುದಿಯ ಮೇಲೆ ನಿಂತಿರುತ್ತದೆ. ನಾಲ್ಕೈದು ನೂರು ಕಿಲೋ ಮೈ, ಮೇಲೆ ಸವಾರ, ಎದುರಿಗೆ ಒಂದು ಮೀಟರ್ ಎತ್ತರದ ಬೇಲಿ. ಆ ಭಾರವನ್ನೆಲ್ಲ ಎತ್ತಿ ಎಸೆಯುವ ಶಕ್ತಿ ಹಿಂಗಾಲಿನದು. ಸುಮ್ನೆ ನಿಂತಾಗ ಮೈಭಾರದ ಸುಮಾರು ನೂರಕ್ಕೆ ಅರವತ್ತು ಪಾಲು ಮುಂಗಾಲಿನ ಮೇಲಿರುತ್ತದೆ. ಆದರೆ ಹಾರುವ ಕ್ಷಣದಲ್ಲಿ ಇಡೀ ಮೈ ಹಿಂಗಾಲಿನ ಮೇಲೆ ಬರುತ್ತದೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಕುದುರೆ ಸ್ಟೈಫಲ್ ಮಡಚದೆ ಹಾಕ್ ಒಂದನ್ನೇ ಮಡಚಲು ಆಗುವುದಿಲ್ಲ. ತೊಡೆಯಿಂದ ಕೆಳಗಿನವರೆಗೆ ಮುಂದೊಂದು ಹಿಂದೊಂದು ಹಗ್ಗದಂಥ ಪಟ್ಟಿ ಎರಡೂ ಗಂಟನ್ನು ಜೋಡಿಸಿರುತ್ತದೆ. ಒಂದು ಮಡಚಿದರೆ ಇನ್ನೊಂದೂ ಮಡಚಲೇಬೇಕು. ಅದಕ್ಕೇ ಹಾಕ್ ಸರಿಯಾಗಿ ಎತ್ತುತ್ತಿಲ್ಲ ಅಂತ ಕಂಡರೆ ನೋವು ಹಾಕ್‌ನಲ್ಲೇ ಇರಬೇಕೆಂದಿಲ್ಲ. ಸ್ಟೈಫಲ್‌ನಲ್ಲೂ ಇರಬಹುದು, ಇನ್ನೂ ಮೇಲೆ ಸೊಂಟದಲ್ಲೂ ಇರಬಹುದು.

ಪಕ್ಕದಿಂದ ನೋಡುವ ಹಳೆಯ ಕ್ರಮ ಒಂದಿದೆ. ಗಾರೆ ಕೆಲಸದವರು ಗೋಡೆಗೆ ತೂಗುಗುಂಡು ಬಿಡುತ್ತಾರಲ್ಲ, ಹಾಗೆ ಕುದುರೆಯ ಬಾಲದ ಪಕ್ಕ ಹಿಂದಕ್ಕೆ ಚಾಚಿರುವ ಮೂಳೆಯ ತುದಿಯಿಂದ ಒಂದು ದಾರ ಬಿಟ್ಟ ಹಾಗೆ ಊಹಿಸಿಕೊಳ್ಳಿ. ದಾರ ಹಾಕ್‌ನ ಹಿಂದಿನ ಮೊನೆಯನ್ನು ಮುಟ್ಟಬೇಕು. ಅಲ್ಲಿಂದ ಕ್ಯಾನನ್ ಮೂಳೆಯ ಹಿಂಬದಿಗೆ ಸಮನಾಗಿ ಇಳಿದು, ಗೊರಸಿನ ಹಿಮ್ಮಡಿಯಿಂದ (ಗೊರಸಿನ ಹಿಂದಿನ ತುದಿಯಿಂದ) ಮೂರು ನಾಲ್ಕು ಇಂಚು ಹಿಂದೆ ನೆಲ ಸೇರಬೇಕು. ಹಾಕ್‌ನ ಕೋನ ಚಿಕ್ಕದಾಗಿ, ಕ್ಯಾನನ್ ಓರೆಯಾಗಿ ಹೊಟ್ಟೆಯ ಕಡೆ ಹೋದರೆ ಅದು ಕುಡುಗೋಲುಗಾಲು. ಕೋನ ಬಿಚ್ಚಿ ಬಿಚ್ಚಿ ಕಾಲು ಕೋಲಿನಂತಾದರೆ ಕಂಬಗಾಲು.

ಎರಡಕ್ಕೂ ಬೇರೆ ಬೇರೆ ಕಾಯಿಲೆ. ಕುಡುಗೋಲುಗಾಲಿನಲ್ಲಿ ಹಾಕ್‌ನ ಹಿಂಬದಿ ಜಾಸ್ತಿ ಎಳೆತಕ್ಕೆ ಸಿಗುತ್ತದೆ. ಹಾಕ್‌ನ ಮೊನೆಯಿಂದ ಒಂದು ಗೇಣಿನೊಳಗೆ, ಹಿಂದಗಡೆ, ಸಣ್ಣ ಉಬ್ಬು ಬರುತ್ತದೆ. ಅದಕ್ಕೆ ಕರ್ಬ್ ಅನ್ನುತ್ತಾರೆ. ಹಾಕ್‌ನ ಕೆಳಗಿನ ಸಣ್ಣ ಕೀಲುಗಳು ಸವೆಯುವುದೂ ಇಂಥ ಕಾಲಿನಲ್ಲಿ ಹೆಚ್ಚು. ಹಾಕ್ ಅಂದರೆ ಒಂದೇ ಕೀಲಲ್ಲ, ಒಂದರ ಮೇಲೊಂದು ಕೂತ ನಾಲ್ಕು ಕೀಲು. ಮಡಚುವ ಕೆಲಸವೆಲ್ಲ ಹೆಚ್ಚೂ ಕಡಿಮೆ ಮೇಲಿನ ದೊಡ್ಡದರದ್ದು. ಕೆಳಗಿನ ಎರಡು ಅಲ್ಲಾಡುವುದೇ ಕಮ್ಮಿ, ಆದರೆ ಸವೆಯುವುದು ಅವೇ. ಅದನ್ನು ಸ್ಪೇವಿನ್ ಅನ್ನುತ್ತಾರೆ. ಕೆಲವು ಕುದುರೆಗಳಲ್ಲಿ ಆ ಸಣ್ಣ ಕೀಲುಗಳು ಸವೆದು ಸವೆದು ಕೊನೆಗೆ ಒಂದಕ್ಕೊಂದು ಬೆಸೆದುಕೊಂಡು ನೋವು ನಿಂತುಹೋಗುವುದೂ ಉಂಟು.

ನಾನು ಕಲಿಯುವಾಗ ಎಲ್ಲರೂ ಹೆದರಿಸುತ್ತಿದ್ದದ್ದು ಈ ಕುಡುಗೋಲುಗಾಲಿನ ಬಗ್ಗೆ. ಕಾಲು ಎಷ್ಟು ನೇರ ಇದ್ದರೆ ಅಷ್ಟು ಒಳ್ಳೆಯದು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತ್ತು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. 1990ರಲ್ಲಿ ಸ್ವೀಡನ್‌ನವರು ತಮ್ಮ ವಾರ್ಮ್‌ಬ್ಲಡ್ ಅನ್ನುವ ಸವಾರಿ ತಳಿಯ ಕುದುರೆಗಳನ್ನು ಅಳೆದು ಒಂದು ಅಧ್ಯಯನ ಪ್ರಕಟಿಸಿದರು. ಡ್ರೆಸಾಜ್ (ಕುದುರೆಯ ನಡೆಯ ಶಿಸ್ತು ತೋರಿಸುವ ಸ್ಪರ್ಧೆ) ಮತ್ತು ಜಂಪಿಂಗ್‌ನಲ್ಲಿ ಮೇಲ್ಮಟ್ಟಕ್ಕೆ ಹೋದ ಕುದುರೆಗಳ ಹಾಕ್ ಕೋನ ಉಳಿದವಕ್ಕಿಂತ ದೊಡ್ಡದಿತ್ತು. ಅಂದರೆ ಕಾಲು ಒಂದಿಷ್ಟು ಬಿಚ್ಚಿಕೊಂಡಿರುವುದು ಲಾಭವೇ. ಆದರೆ ‘ಒಂದಿಷ್ಟು’ ಅನ್ನುವ ಮಾತನ್ನು ನಾನು ಮರೆತೆ.

ಬೇ ಕುದುರೆಯ ಕಥೆ ಅಲ್ಲೇ ಕೆಟ್ಟದ್ದು. ಅವನ ಹಾಕ್ ಬರೀ ನೇರ ಅಲ್ಲ, ಕಂಬದ ಹಾಗಿತ್ತು. ಜೊತೆಗೆ ಹಿಂದಿನ ಪಾಸ್ಟರ್ನ್ ಉದ್ದ, ಓರೆ ಜಾಸ್ತಿ. ಫೆಟ್‌ಲಾಕ್ ಗಂಟು ನಿಂತಲ್ಲೇ ಸ್ವಲ್ಪ ಕೆಳಗಿಳಿದ ಹಾಗಿತ್ತು. ಆ ದಿನ ತೆಗೆದ ಫೋಟೋ ಈಗಲೂ ನನ್ನ ಹತ್ತಿರ ಇದೆ. ಎಲ್ಲ ಅದರಲ್ಲೇ ಕಾಣುತ್ತದೆ. ನೇರ ಹಾಕ್ ಏಟನ್ನು ಹೀರಿಕೊಳ್ಳುವುದಿಲ್ಲ. ಸ್ಪ್ರಿಂಗ್ ಕೆಲಸವೆಲ್ಲ ಕೆಳಗೆ ಫೆಟ್‌ಲಾಕ್‌ಗೆ ಬೀಳುತ್ತದೆ. ಫೆಟ್‌ಲಾಕನ್ನು ತೊಟ್ಟಿಲಿನ ಹಾಗೆ ಎತ್ತಿ ಹಿಡಿದಿರುವುದು ಸಸ್ಪೆನ್ಸರಿ ಲಿಗಮೆಂಟ್ ಅನ್ನುವ ಗಟ್ಟಿ ನಾರಿನ ಪಟ್ಟಿ. ಅದು ಕ್ಯಾನನ್ ಮೂಳೆಯ ಹಿಂದೆ, ಹಾಕ್‌ನ ಸ್ವಲ್ಪ ಕೆಳಗೆ ಶುರುವಾಗುತ್ತದೆ. ಅಲ್ಲಿ ಎರಡು ಕಡೆ ಸಣ್ಣ ಮೂಳೆ, ಮೇಲೆ ಗಟ್ಟಿ ಪೊರೆ. ಪೆಟ್ಟಾಗಿ ಊದಿಕೊಂಡರೂ ಊತಕ್ಕೆ ಹೊರಗೆ ಬರಲು ಜಾಗವಿಲ್ಲ. ಒಳಗೇ ನರ ಒತ್ತಿ ನೋವು ಕೊಡುತ್ತದೆ. ಹೊರಗಿನಿಂದ ಕಾಲು ಮಾತ್ರ ಸ್ವಚ್ಛವಾಗಿ ಕಾಣುತ್ತದೆ.

ಮೊದಲ ಎಂಟು ತಿಂಗಳು ಅವನು ಚೆನ್ನಾಗಿಯೇ ಇದ್ದ. ಆಮೇಲೆ ಬೇಲಿಯ ಮುಂದೆ ನಿಲ್ಲಲು ಶುರು ಮಾಡಿದ. ಮೊಂಡುತನ ಅಂದುಕೊಂಡೆವು. ಎಡಕ್ಕೆ ಕ್ಯಾಂಟರ್, ಅಂದರೆ ನೆಗೆಯುವ ಹದವಾದ ಓಟ, ಮಾಡುವಾಗ ಹಿಂಗಾಲು ಅದಲುಬದಲು ಮಾಡುತ್ತಿದ್ದ. ಸವಾರ ಇಳಿದರೆ ಕುಂಟೇ ಇಲ್ಲ, ಹತ್ತಿದರೆ ಏನೋ ಸರಿಯಿಲ್ಲ. ಡಾಕ್ಟ್ರು ಬಂದು ಒಂದೊಂದೇ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಆಮೇಲೆ ಸ್ಕ್ಯಾನ್ ಮಾಡಿ ನೋಡಿದರು. ಎರಡೂ ಹಿಂಗಾಲಿನ ಸಸ್ಪೆನ್ಸರಿ, ಮೇಲಿನ ತುದಿಯಲ್ಲಿ. ಆರು ತಿಂಗಳು ಲಾಯದಲ್ಲಿ ವಿಶ್ರಾಂತಿ, ಕೈಯಲ್ಲಿ ಹಿಡಿದು ನಡೆಸುವುದು, ವಿಶೇಷ ಲಾಳ. ಯಾವುದೂ ಹಿಡಿಯಲಿಲ್ಲ. ಇಂಥ ಕಾಲಿರುವ ಕುದುರೆಯಲ್ಲಿ ಬರೀ ವಿಶ್ರಾಂತಿಯಿಂದ ಇದು ವಾಸಿಯಾಗುವುದು ಅಪರೂಪ ಅಂತ ಡಾಕ್ಟ್ರು ಮೊದಲೇ ಹೇಳಿದ್ದರು. ಅವನು ಮೊಂಡು ಮಾಡುತ್ತಿರಲಿಲ್ಲ, ನೋಯುತ್ತಿದೆ ಅಂತ ತನಗೆ ಗೊತ್ತಿದ್ದ ರೀತಿಯಲ್ಲಿ ಹೇಳುತ್ತಿದ್ದ. ನಾವು ಕಾಲಿನಿಂದ ಒತ್ತಿ ಮುಂದಕ್ಕೆ ಓಡಿಸಿದ ಆ ಎರಡು ತಿಂಗಳು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೆಂಚನ ವಿಷಯ ಇನ್ನೊಂದು ಥರ. ನಾನು ಬೇಡ ಅಂದ ನಾಲ್ಕೈದು ತಿಂಗಳಿಗೆ ಅವನನ್ನು ಹೊಸ ಲಾಯದಲ್ಲಿ ನೋಡಿದೆ. ಗುರುತೇ ಸಿಗಲಿಲ್ಲ. ಹಿಂಗಾಲು ತಕ್ಕಮಟ್ಟಿಗೆ ತಮ್ಮ ಜಾಗದಲ್ಲೇ ನಿಂತಿದ್ದವು. ಕ್ಯಾನನ್ ಮೂಳೆ ಹೆಚ್ಚೂ ಕಡಿಮೆ ನೆಟ್ಟಗಿತ್ತು. ಮೂಳೆ ಬದಲಾಗಲು ಸಾಧ್ಯವಿಲ್ಲ, ಹಾಗಾದರೆ ಏನು ಬದಲಾಯಿತು?

ಗೊರಸು. ರೇಸ್ ಕುದುರೆಗಳಲ್ಲಿ ಗೊರಸಿನ ಮುಂದಿನ ತುದಿ ಉದ್ದ, ಹಿಮ್ಮಡಿ ಚಪ್ಪಟೆ ಆಗಿರುವುದು ತುಂಬಾ ಸಾಮಾನ್ಯ. ಹಿಂದಿನ ಗೊರಸಿನ ಹಿಮ್ಮಡಿ ಕುಸಿದರೆ ಒಳಗಿನ ಮೂಳೆಯ ಹಿಂಬದಿ ಕೆಳಗಿಳಿಯುತ್ತದೆ. ಆ ತೊಂದರೆ ತಪ್ಪಿಸಲು ಕುದುರೆ ಕಾಲನ್ನು ಹೊಟ್ಟೆಯ ಕೆಳಗೆ ಮುಂದಕ್ಕೆ ಇಟ್ಟು ನಿಲ್ಲುತ್ತದೆ. ಬೆನ್ನಿನ ಕೆಳಗಿನ ಭಾಗ, ತೊಡೆ ಎರಡೂ ಬಿಗಿದುಕೊಳ್ಳುತ್ತವೆ. ನೋಡುವವರಿಗೆ ಅಪ್ಪಟ ಕುಡುಗೋಲುಗಾಲು. ಕೆಂಚನ ಹೊಸ ಮಾಲೀಕರ ಲಾಳ ಕಟ್ಟುವವರು ಐದೈದು ವಾರಕ್ಕೊಮ್ಮೆ ತುದಿಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಂದು, ಹಿಮ್ಮಡಿಗೆ ಆಸರೆ ಕೊಟ್ಟಿದ್ದರು. ಮೂರನೇ ಸಲಕ್ಕೆ ನಿಲುವು ಬದಲಾಗಿತ್ತು. ನಾನು ಆ ಬೆಳಿಗ್ಗೆ ನೋಡಿದ್ದು ಅವನ ಕಾಲಿನ ರಚನೆಯನ್ನಲ್ಲ, ಅವನು ನಿಂತ ಭಂಗಿಯನ್ನು.

ಅಂದಿನಿಂದ ನಾನು ಹಿಂಗಾಲು ನೋಡುವುದನ್ನು ಗೊರಸಿನಿಂದ ಶುರು ಮಾಡುತ್ತೇನೆ. ಗೊರಸಿನ ಮೇಲಂಚಿನಲ್ಲಿ ಕೂದಲು ಮುಗಿಯುವ ಗೆರೆ ಇದೆಯಲ್ಲ, ಅದನ್ನು ಪಕ್ಕದಿಂದ ನೋಡಿ ಕಣ್ಣಲ್ಲೇ ಮುಂದಕ್ಕೆ ಎಳೆಯುತ್ತೇನೆ. ಆ ಗೆರೆ ಮುಂಗಾಲಿನ ಮಂಡಿಯ ಹತ್ತಿರ ಹೋಗಿ ಮುಟ್ಟಿದರೆ ಸಮಾಧಾನ. ಮೊಣಕೈ ಅಥವಾ ಹೊಟ್ಟೆಯ ಕಡೆ ಏರಿದರೆ ಹಿಮ್ಮಡಿ ಕುಸಿದಿರಬಹುದು ಅಂತ ಅನುಮಾನ. ಇದು ಕಣ್ಣಳತೆ ಅಷ್ಟೇ. ಖಚಿತವಾಗಿ ತಿಳಿಯಲು ಎಕ್ಸ್‌ರೇ ಬೇಕು. ಆದರೆ ಎಕ್ಸ್‌ರೇ ತೆಗೆಸಬೇಕೋ ಬೇಡವೋ ಅನ್ನುವುದು ಈ ಗೆರೆಯಿಂದಲೇ ಗೊತ್ತಾಗುತ್ತದೆ.

ಆಮೇಲೆ ನಿಲ್ಲಿಸುವುದು. ಇದಕ್ಕೆ ನಾನು ತುಂಬಾ ಹೊತ್ತು ಕೊಡುತ್ತೇನೆ. ಮಾರುವವರು ಹೆಚ್ಚಾಗಿ ಒಂದು ಹಿಂಗಾಲು ಮುಂದೆ, ಒಂದು ಹಿಂದೆ ಬರುವ ಹಾಗೆ ಚೆಂದಕ್ಕೆ ನಿಲ್ಲಿಸುತ್ತಾರೆ. ಹಿಂದೆ ಹೋದ ಕಾಲು ನೇರವಾಗಿ ಕಾಣುತ್ತದೆ, ಮುಂದೆ ಬಂದದ್ದು ಕುಡುಗೋಲಾಗಿ ಕಾಣುತ್ತದೆ. ಒಂದೇ ಕುದುರೆ, ಎರಡು ಥರ ಕಾಲು. ಸಮತಟ್ಟಾದ ಗಟ್ಟಿ ನೆಲದಲ್ಲಿ, ನೋಡುತ್ತಿರುವ ಕಾಲಿನ ಕ್ಯಾನನ್ ಮೂಳೆ ನೆಲಕ್ಕೆ ನೆಟ್ಟಗೆ ಬರುವವರೆಗೆ ಒಂದೊಂದೇ ಹೆಜ್ಜೆ ಹಾಕಿಸುತ್ತೇನೆ. ಹಾಗೆ ಬಂದಾಗ ಹಾಕ್‌ನ ಮೊನೆ ಬಾಲದ ಪಕ್ಕದ ಆ ಮೂಳೆಯ ನೇರಕ್ಕೆ ಬಂತೇ, ಇನ್ನೂ ಹಿಂದೆ ಉಳಿಯಿತೇ ಅಂತ ನೋಡುತ್ತೇನೆ. ನಿಜವಾದ ಕುಡುಗೋಲುಗಾಲಿನ ಕುದುರೆ ಕ್ಯಾನನ್ ನೆಟ್ಟಗೆ ಇಟ್ಟು ನಿಂತರೆ ಕಾಲು ಹಿಂದೆ ಉಳಿದುಬಿಡುತ್ತದೆ. ಹಾಗೆ ಹೆಚ್ಚು ಹೊತ್ತು ನಿಲ್ಲಲು ಅದಕ್ಕೆ ಆಗುವುದಿಲ್ಲ. ಫೋಟೋ ತೆಗೆಯುವುದಾದರೆ ಹೊಟ್ಟೆಯ ಮಧ್ಯಕ್ಕೆ ಎದುರಾಗಿ, ಕುದುರೆಯ ಎದೆಯ ಎತ್ತರದಲ್ಲಿ ಕ್ಯಾಮೆರಾ ಹಿಡಿಯಿರಿ. ಒಂದು ಹೆಜ್ಜೆ ಹಿಂದೆ ಮುಂದೆ ಆದರೂ ಕೋನ ಸುಳ್ಳು ಹೇಳುತ್ತದೆ. ಮೊಬೈಲಿನಲ್ಲಿ ಕೋನ ಅಳೆಯುವ ಆ್ಯಪ್ ಇಟ್ಟುಕೊಂಡಿದ್ದೇನೆ. ನನ್ನ ಕೈಯಲ್ಲಿ ಚೆನ್ನಾಗಿ ಬಾಳಿದ ಕುದುರೆಗಳ ಹಾಕ್ ಹೆಚ್ಚಾಗಿ 155ರಿಂದ 165 ಡಿಗ್ರಿಯ ನಡುವೆ ಬಂದಿದೆ. ಇದು ನನ್ನ ಅಳತೆ, ನಿಯಮ ಅಲ್ಲ.

ಹಿಂದಿನಿಂದ ನೋಡುವಾಗ ಹೊಸಬರು ಹೆದರುವುದು ಹಸುಗಾಲಿಗೆ. ಎರಡು ಹಾಕ್ ಒಳಗೆ ಹತ್ತಿರವಾಗಿ, ಗೊರಸು ಹೊರಗೆ ತಿರುಗಿರುವುದು. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಸ್ವಲ್ಪ ಹೊರಗೆ ತಿರುಗಿರುವುದು ದೋಷವೇ ಅಲ್ಲ. ಕಾಲು ಮುಂದಕ್ಕೆ ಬರುವಾಗ ಸ್ಟೈಫಲ್‌ಗೆ ಹೊಟ್ಟೆ ಅಡ್ಡ ಬರುತ್ತದೆ. ಅದು ಪಕ್ಕಕ್ಕೆ ಸರಿಯಲೇಬೇಕು. ಸ್ಟೈಫಲ್ ಹೊರಗೆ ತಿರುಗಿದರೆ ಅದರ ಜೊತೆ ಇಡೀ ಕಾಲೂ ತಿರುಗುತ್ತದೆ. ಆ ಸ್ವೀಡನ್ ಅಧ್ಯಯನದಲ್ಲೂ ಹೆಚ್ಚಿನ ಕುದುರೆಗಳ ಹಿಂಗಾಲು ಹೊರಗೆ ತಿರುಗಿದ್ದವು. ನಾನು ನೋಡುವುದು ಬೇರೆ. ಸ್ಟೈಫಲ್, ಹಾಕ್, ಗೊರಸು ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿವೆಯೇ? ಹಾಕ್‌ನಿಂದ ಕೆಳಗೆ ಕ್ಯಾನನ್ ಮೂಳೆ ನೆಟ್ಟಗೆ ಇಳಿದಿದೆಯೇ? ಹೌದಾದರೆ ಮುಂದಕ್ಕೆ ಹೋಗುತ್ತೇನೆ. ಹಾಕ್ ಒಂದು ಕಡೆ, ಗೊರಸು ಇನ್ನೊಂದು ಕಡೆ ನೋಡುತ್ತಿದ್ದರೆ, ಅಥವಾ ಹಾಕ್‌ನಿಂದ ಕೆಳಗೆ ಕಾಲು ಹೊರಗೆ ಸೊಟ್ಟಾಗಿ ಹೋದರೆ ಬೇಡ. ಬಿಲ್ಲುಗಾಲಿಗೆ ನಾನು ಇನ್ನೂ ಜಾಸ್ತಿ ಹೆದರುತ್ತೇನೆ. ಭಾರ ಬಿದ್ದ ಕೂಡಲೇ ಹಾಕ್ ಹೊರಗೆ ತಿರುಚಿಕೊಳ್ಳುವ ಕುದುರೆಯಲ್ಲಿ ಪ್ರತಿ ಹೆಜ್ಜೆಗೂ ಗೊರಸು ನೆಲದ ಮೇಲೆ ತಿರುಗುತ್ತದೆ. ಒದ್ದೆ ಮರಳಿನಲ್ಲಿ ನಡೆಸಿದರೆ ಆ ತಿರುಗಿದ ಗುರುತು ಸ್ಪಷ್ಟವಾಗಿ ಕಾಣುತ್ತದೆ.

ಲಾಳದ ಪಾಠ ಕಲಿಸಿದ್ದು ನಮ್ಮ ಲಾಯದ ಹಳೆಯ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದೆವು. ಒಂದು ಹೆಣ್ಣು ಕುದುರೆ ನೋಡಲು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ನಾನು ಕಾಲು ತಡವಿ ನೋಡುತ್ತಿದ್ದೆ. ಚಾಚಾ ಅಲ್ಲಿನ ಲಾಳ ಕಟ್ಟುವ ಜಾಗಕ್ಕೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಲಾಳಗಳಲ್ಲಿ ಎರಡನ್ನು ಎತ್ತಿಕೊಂಡು ಬಂದರು.

‘ಸಾರ್, ಇದು ಇವಳದ್ದೇ. ನಿನ್ನೆ ಬಿಚ್ಚಿದ್ದಂತೆ. ಕೈಯಲ್ಲಿ ಹಿಡ್ಕೊಂಡು ನೋಡಿ.’

ಎಡಗಾಲಿನದು ಎಲ್ಲ ಕಡೆ ಸಮವಾಗಿ ಸವೆದಿತ್ತು. ಬಲಗಾಲಿನದರ ತುದಿ, ಅದರಲ್ಲೂ ಹೊರಗಿನ ಮೂಲೆ, ಬ್ಲೇಡಿನ ಹಾಗೆ ತೆಳ್ಳಗಾಗಿತ್ತು. ಬೆರಳಿಟ್ಟರೆ ಚುಚ್ಚುತ್ತಿತ್ತು.

‘ಏನು ಚಾಚಾ ಇದು?’

‘ಬಲಗಾಲು ಎತ್ತೋದಿಲ್ಲ ಸಾರ್ ಇವಳು. ಎಳ್ಕೊಂಡು ಹೋಗ್ತಾಳೆ. ನಡೆಸಿ, ಕೇಳಿಸ್ಕೊಳ್ಳಿ.’

ಕಾಂಕ್ರೀಟ್ ಮೇಲೆ ನಡೆಸಿದೆವು. ನಾನು ಕಣ್ಣು ಮುಚ್ಚಿಕೊಂಡು ನಿಂತೆ. ಟಕ್, ಟಕ್, ಟಕ್, ಸ್ರ್ರಕ್. ನಾಲ್ಕನೇ ಹೆಜ್ಜೆಗೊಮ್ಮೆ ಗೊರಸಿನ ತುದಿ ನೆಲ ಕೆರೆಯುವ ಸದ್ದು. ಕಣ್ಣಿಗೆ ಕುಂಟು ಕಾಣುತ್ತಿರಲಿಲ್ಲ. ಡಾಕ್ಟ್ರು ಹಾಕ್ ಮಡಚಿ ಒಂದು ನಿಮಿಷ ಹಿಡಿದು ಬಿಟ್ಟ ಮೇಲೆ ಟ್ರಾಟ್, ಅಂದರೆ ಮೆಲ್ಲಗಿನ ಓಟ, ಮಾಡಿಸಿದರು. ಮೊದಲ ಹತ್ತು ಹೆಜ್ಜೆ ಚೆನ್ನಾಗಿ ಕುಂಟಿದಳು. ಎಕ್ಸ್‌ರೇಯಲ್ಲಿ ಕೆಳಗಿನ ಕೀಲುಗಳ ನಡುವಿನ ಸಂದು ಮುಸುಕಾಗಿತ್ತು. ಸ್ಪೇವಿನ್. ಚಾಚಾ ಅದನ್ನು ಎರಡು ಲಾಳದಲ್ಲೇ ಓದಿಬಿಟ್ಟಿದ್ದರು. ಅಂದಿನಿಂದ ನಾನು ಯಾವ ಕುದುರೆ ನೋಡಲು ಹೋದರೂ ಮೊದಲು ಕೇಳುವುದು ಹಳೆಯ ಲಾಳವನ್ನು.

ನಡೆಸಿ ನೋಡುವಾಗ ನನಗೆ ಟ್ರಾಟ್‌ಗಿಂತ ನಿಧಾನದ ನಡಿಗೆಯೇ ಹೆಚ್ಚು ಹೇಳುತ್ತದೆ. ನೇರಕ್ಕೆ ದೂರ ಹೋಗಲಿ, ವಾಪಸ್ ಬರಲಿ. ಚಿಕ್ಕ ಸುತ್ತು ತಿರುಗಲಿ. ಐದಾರು ಹೆಜ್ಜೆ ಹಿಮ್ಮುಖ ಹೋಗಲಿ. ಸಾಧ್ಯವಾದರೆ ಸಣ್ಣ ಇಳಿಜಾರಿನಲ್ಲಿ ಕೆಳಗಿಳಿಯಲಿ. ಸ್ಟೈಫಲ್ ಸಡಿಲ ಇರುವ ಕುದುರೆ ಇಳಿಜಾರಿನಲ್ಲೇ ಸಿಕ್ಕಿಬೀಳುತ್ತದೆ. ಕುದುರೆ ನಿಂತೇ ನಿದ್ದೆ ಮಾಡುತ್ತದಲ್ಲ, ಆಗ ಮಂಡಿಚಿಪ್ಪು ತೊಡೆಮೂಳೆಯ ಒಂದು ದಿಣ್ಣೆಗೆ ಸಿಕ್ಕಿಕೊಂಡು ಕಾಲನ್ನು ಲಾಕ್ ಮಾಡಿರುತ್ತದೆ. ನಡೆಯುವಾಗ ಅದು ಬಿಡಿಸಿಕೊಳ್ಳಬೇಕು. ನೇರ ಕಾಲು, ತೊಡೆಯಲ್ಲಿ ಶಕ್ತಿ ಕಮ್ಮಿ ಇರುವ ಕುದುರೆಯಲ್ಲಿ ಬಿಡಿಸಿಕೊಳ್ಳುವುದು ಅರೆಕ್ಷಣ ತಡವಾಗುತ್ತದೆ. ಕಾಲು ತಟ್ಟನೆ ಎಗರಿದ ಹಾಗೆ ಕಾಣುತ್ತದೆ. ಟ್ರ್ಯಾಕ್ ಬಿಟ್ಟು ಮೂರು ತಿಂಗಳು ಲಾಯದಲ್ಲೇ ನಿಂತ ಕುದುರೆಗಳಲ್ಲಿ ಇದು ಜಾಸ್ತಿ. ಇದಕ್ಕೆ ನಾನು ಕುದುರೆ ಬೇಡ ಅನ್ನುವುದಿಲ್ಲ. ದಿನಾ ಏರಿನಲ್ಲಿ ನಡೆಸಿ ತೊಡೆ ಗಟ್ಟಿ ಮಾಡಿದರೆ ಎಷ್ಟೋ ಕುದುರೆಗಳಲ್ಲಿ ತಾನಾಗೇ ಹೋಗಿದೆ.

ಸೊಂಟವನ್ನೂ ಬಿಡಬೇಡಿ. ಸುರಕ್ಷಿತ ದೂರದಲ್ಲಿ ಒಂದು ಸ್ಟೂಲ್ ಮೇಲೆ ನಿಂತು ಹಿಂದಿನಿಂದ ನೋಡಿ. ಎರಡು ಕಡೆಯ ಸೊಂಟದ ಮೂಳೆ ಒಂದೇ ಎತ್ತರದಲ್ಲಿದೆಯೇ, ಎರಡು ಕಡೆಯ ಮಾಂಸ ಒಂದೇ ಥರ ತುಂಬಿದೆಯೇ? ರೇಸ್ ಕುದುರೆಗಳಿಗೆ ಸೊಂಟದ ಮೂಳೆಯಲ್ಲಿ ಬಿರುಕು ಬರುವುದುಂಟು. ವಾಸಿಯಾದ ಮೇಲೂ ಒಂದು ಕಡೆ ಇಳಿದೇ ಉಳಿಯಬಹುದು.

ಇಷ್ಟೆಲ್ಲ ಆದ ಮೇಲೆ ಸವಾರರನ್ನು ಒಂದು ಪ್ರಶ್ನೆ ಕೇಳುತ್ತೇನೆ: ಈ ಕುದುರೆಯಿಂದ ನಿಮಗೆ ಏನು ಬೇಕು? ಮಕ್ಕಳಿಗೆ ಅರವತ್ತು ಸೆಂಟಿಮೀಟರ್ ಹಾರಿಸಲು ಸಾಕು ಅಂದರೆ ತುಸು ಕುಡುಗೋಲುಗಾಲಿದ್ದರೂ, ಗೊರಸು ಚೆನ್ನಾಗಿದ್ದರೆ, ನಾನು ಒಪ್ಪುತ್ತೇನೆ. ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಹಾರಬೇಕು ಅಂದರೆ ಕಂಬಗಾಲಿಗೆ ಒಪ್ಪುವುದೇ ಇಲ್ಲ. ಹಾಕ್ ನೆಲಕ್ಕೆ ಹತ್ತಿರ ಇರಬೇಕು, ಕ್ಯಾನನ್ ಗಿಡ್ಡ ಇರಬೇಕು, ಸ್ಟೈಫಲ್ ಕೆಳಗಿಳಿದಿರಬೇಕು. ಡ್ರೆಸಾಜ್‌ಗೆ ಹೋಗುವ ಕುದುರೆ ಹಿಂಗಾಲನ್ನು ಮಡಚಿ ಭಾರ ಹೊತ್ತು ಕೂರಬೇಕು. ಅಲ್ಲಿ ಮಡಚಲು ಮನಸ್ಸಿಲ್ಲದ ನೇರ ಕಾಲು ಎಷ್ಟು ಚೆಂದ ಕಂಡರೂ ಪ್ರಯೋಜನವಿಲ್ಲ.

ಕೆಂಚನಿಗೆ ಈಗ ಹದಿನೈದು ದಾಟಿದೆ. ದೊಡ್ಡ ಬೇಲಿ ಬಿಟ್ಟಿದ್ದಾನೆ, ಮಕ್ಕಳಿಗೆ ಕಲಿಸುತ್ತಾನೆ. ಹೋದ ತಿಂಗಳು ಹೋಗಿದ್ದಾಗ ಅವನ ಹಿಂದಿನ ಗೊರಸು ಎತ್ತಿ ನೋಡಿದೆ. ಹಿಮ್ಮಡಿ ಗಟ್ಟಿಯಾಗಿದೆ, ಲಾಳ ಸಮವಾಗಿ ಸವೆದಿದೆ. ಅದೇ ವಾರ ಒಬ್ಬ ಹುಡುಗಿ ನಾಲ್ಕು ವರ್ಷದ ಕುದುರೆಯೊಂದರ ಫೋಟೋ ಕಳಿಸಿ, ‘ಅಂಕಲ್, ಕಾಲು ಕುಡುಗೋಲು ಥರ ಇದೆ, ಬೇಡ ಅನ್ಲಾ?’ ಅಂತ ಕೇಳಿದಳು. ಗೊರಸಿನ ತುದಿ ಒಂದು ಬೆರಳಿನಷ್ಟು ಉದ್ದ ಬೆಳೆದಿತ್ತು. ಮೊದಲು ಗೊರಸಿನ ಎಕ್ಸ್‌ರೇ ತೆಗೆಸು, ಮಾಲೀಕರನ್ನು ಕೇಳಿ ಮೂರು ಸಲ ಲಾಳ ಬದಲಾಗುವವರೆಗೆ ಟೈಮ್ ತಗೋ ಅಂದೆ. ಎರಡು ಸಲ ಆಗಿದೆ. ಮೂರನೆಯದು ಮುಂದಿನ ಗುರುವಾರ, ನಾನೂ ಹೋಗುತ್ತಿದ್ದೇನೆ.